ಉಜ್ಜಿದ ಕಾವಲಿ

ಸುಧಾ ಮೇಡಂ, ನಿಮ್ಮ ಒಲೆ ಕೆಟ್ಟದ್ದಾಗಿರಲಿಲ್ಲ. ಅದರ ಹೆಸರು ಕೆಡಿಸಿದವನು ನಾನು — ಬೇಕೆಂದೇ.

ಕೋಯಂಬೇಡಿನ ನಮ್ಮ ಹೋಟೆಲಿಗೆ ನೀವು ಮೊದಲ ಸಲ ಬಂದ ದಿನ ನೆನಪಿರಬಹುದು. ಹೊಗೆ, ಇಂಗಾಲ ಕಡಿಮೆ ಮಾಡುವುದು ಹೇಗೆಂದು ವಿಜ್ಞಾನಿಗಳೂ ಹೋಟೆಲಿನವರೂ ಕೂತು ಮಾತಾಡುವ ಸಭೆ ಇದೆ, ಅದಕ್ಕೂ ಮುಂಚೆ ಒಲೆ ನೋಡಬೇಕು ಎಂದಿರಿ. ಈ ತಮಿಳರ ಊರಲ್ಲಿ ಕನ್ನಡ ಆಡುವ ಮೈಸೂರಿನ ಹುಡುಗಿ ಎಂದು ನಾನೇ ಸ್ಟೂಲು ಒರೆಸಿಕೊಟ್ಟೆ, ಕಾಫಿ ತರಿಸಿದೆ. ನೀವು ಒಲೆಯ ಪಕ್ಕದ ಗೋಡೆ ಮುಟ್ಟಿ ನಕ್ಕಿರಿ.

"ಮಾಸ್ಟರ್, ಬೆಂಕಿಯೆಲ್ಲಾ ಗೋಡೆಗೇ ಹೋಗ್ತಿದೆಯಲ್ರೀ! ಇದರ ಮೇಲೇ ದೋಸೆ ಹುಯ್ಯಬಹುದು."

ಕೆಲಸದವರೆಲ್ಲ ನಕ್ಕರು. ಆ ಸೌದೆ ಒಲೆ ನಾನು ಕೈಯಾರೆ ಕಟ್ಟಿದ್ದು. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಕುಂದಾಪುರದಿಂದ ಬಂದವನಿಗೆ ಅದೊಂದೇ ಸರ್ಟಿಫಿಕೇಟು. ನಾನೂ ನಕ್ಕೆ. ಒಳಗೆ ಮಾತ್ರ...

ವಾರ ಬಿಟ್ಟು, ನೀವೇ ಮಾಡಿದ, ಹೊಗೆ ಕಡಿಮೆಯ ಹೊಸ ಒಲೆ ತಂದಿರಿ.

"ಎಂತ ಒಲೆ ಮಾರಾಯ್ರೆ ಇದ್, ಮಕ್ಳಾಟದ್ದಾ?" ಎಂದೆ.

"ಅದನ್ನ ದೋಸೆನೇ ಹೇಳ್ಲಿ ಬಿಡಿ. ನಾಳಿದ್ದು ಸಭೆಯವರೆಲ್ಲಾ ಬಂದು ನೋಡ್ತೀವಿ."

ಆ ದಿನ ನೀವು ಬರುವ ಮೊದಲು, ಹಿತ್ತಲಲ್ಲಿ ಒಬ್ಬನೇ ಕೂತು, ಬದಲಿಗೆ ಇಟ್ಟಿದ್ದ ಹಳೇ ಕಾವಲಿಯನ್ನು ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದೆ. ಕಬ್ಬಿಣ ಬೆಳ್ಳಗಾಗುವ ತನಕ ಉಜ್ಜಿದೆ. ದೋಸೆ ಕಾವಲಿಯನ್ನು ಯಾರೂ ಹಾಗೆ ಉಜ್ಜುವುದಿಲ್ಲ, ಮೇಡಂ. ವರ್ಷಗಟ್ಟಲೆ ಎಣ್ಣೆ ಕುಡಿದು ಕಪ್ಪಾದ ಮೈ ಹೋಯಿತೆಂದರೆ ಯಾವ ಒಲೆಯ ಮೇಲಿಟ್ಟರೂ ದೋಸೆ ಕಚ್ಚಿಕೊಳ್ಳುತ್ತದೆ. ನನಗೆ ಗೊತ್ತಿತ್ತು. ನಿಮಗೆ ಗೊತ್ತಿರಲಿಲ್ಲ. ಹೊಳೆಯುವ ಕಾವಲಿ ಕಂಡು, "ಎಷ್ಟು ಕ್ಲೀನಾಗಿ ಇಟ್ಕೊಂಡಿದೀರಾ ಮಾಸ್ಟರ್" ಎಂದು ಮೆಚ್ಚಿದಿರಿ — ನಾನು ಅದನ್ನೇ ನಿಮ್ಮ ಒಲೆಯ ಮೇಲಿಟ್ಟೆ.

ಮೂರು ದೋಸೆ ಹುಯ್ದೆ. ಮೂರೂ ಹರಿದವು.

ಸಭೆಯಲ್ಲಿ ನನ್ನನ್ನು ಕೇಳಿದರು. "ಈ ಒಲೆ ನಮ್ಮ ಕೆಲಸಕ್ಕೆ ಬರೋದಿಲ್ಲ" ಎಂದೆ. ಹಿಂದಿನಿಂದ ಹೋಟೆಲಿನವರೊಬ್ಬರು, "ಕರೆಕ್ಟಾ ಸೊನ್ನೀಂಗ ಮಾಸ್ಟರ್!" ಎಂದು ತಮಿಳಿನಲ್ಲಿ ನನ್ನ ಮಾತನ್ನು ಒಪ್ಪಿ ಕೂಗಿದರು. ಚಪ್ಪಾಳೆ ಬಿತ್ತು. ಆಮೇಲೆ ನೀವು ಎದ್ದು ನಿಂತಿರಿ.

"ಒಲೆ ಮಾಡೋಕೆ ಮುಂಚೆ, ಅದರ ಮುಂದೆ ನಿಲ್ಲೋರನ್ನ ಕೇಳ್ಬೇಕಿತ್ತು. ತಪ್ಪು ನಮ್ದು. ಕ್ಷಮಿಸಿ ಮಾಸ್ಟರ್."

ಕ್ಷಮೆ ಕೇಳಿದ್ದು ನೀವು! ಆಗಲಾದರೂ ಎದ್ದು ಒಂದು ಮಾತು — ಇಲ್ಲ, ಏಳಲಿಲ್ಲ. ಒಂದು ಹೋಟೆಲೂ ನಿಮ್ಮ ಒಲೆ ತೆಗೆದುಕೊಳ್ಳಲಿಲ್ಲ. ನಮ್ಮ ಅಡುಗೆಮನೆಯವರು ಮತ್ತೆ ಅದೇ ಹೊಗೆಯಲ್ಲಿ ಕಣ್ಣೊರೆಸಿಕೊಂಡು ನಿಂತರು. ನಾನೂ ನಿಂತೆ.

"ನೀರು ಕಾಯಿಸೋಕಾದ್ರೂ ಆಗತ್ತೆ, ಇಟ್ಕೊಳ್ಳಿ" ಎಂದು ಒಲೆಯನ್ನು ನನಗೇ ಬಿಟ್ಟು ಹೋದಿರಿ. ಅದನ್ನು ಮಾಧವರಂನ ಮನೆಗೆ ಒಯ್ದೆ. ಕಾವಲಿಯನ್ನು ಎಣ್ಣೆ, ಈರುಳ್ಳಿ ತಿಕ್ಕಿ ಮತ್ತೆ ಪಳಗಿಸಿದೆ. ಒಂದು ಭಾನುವಾರ ನಿಮ್ಮ ಒಲೆ ಹೊತ್ತಿಸಿ ದೋಸೆ ಹುಯ್ದೆ. ಅಂಚು ತಾನಾಗಿ ಎದ್ದಿತು. "ಹೊಗಿಯೇ ಇಲ್ಲೆ ಕಾಣಿ!" ಎಂದಳು ಹೆಂಡತಿ. ಒಂಬತ್ತು ವರ್ಷದಿಂದ ನನ್ನ ಮನೆಯವರು ಹೊಗೆ ಕುಡಿಯದೆ ಅದೇ ದೋಸೆ ತಿನ್ನುತ್ತಿದ್ದಾರೆ. ನನಗೆ ಮಾತ್ರ ಪ್ರತಿ ಭಾನುವಾರ, ನೀವು ತಲೆ ತಗ್ಗಿಸಿ ನಿಂತದ್ದು...

ಬರುವ ತಿಂಗಳು ಅಂಥದೇ ಸಭೆಯನ್ನು ನೀವು ಮತ್ತೆ ಕರೆದಿದ್ದೀರಂತೆ. ನನ್ನನ್ನು ಕರೆಯದಿದ್ದರೂ ಬರುತ್ತೇನೆ. ಇಲ್ಲಿ ಬರೆದದ್ದನ್ನೆಲ್ಲ ಅಲ್ಲಿ ಎಲ್ಲರೆದುರು ನಿಂತು ಹೇಳುತ್ತೇನೆ. ನಿಮ್ಮ ಒಲೆ ತರುತ್ತೇನೆ, ಹಿಟ್ಟು ತರುತ್ತೇನೆ. ಕಾವಲಿ ಅದೇ.

ಉಜ್ಜಿಲ್ಲ.