ಕರುಳಿನ ತಂತಿಯೂ ತಿಪ್ಪೇರುದ್ರಪ್ಪನವರ ಮಡಿಯೂ

ಚಿತ್ರದುರ್ಗದಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ ಇಟ್ಟಿದ್ದ ತಿಪ್ಪೇರುದ್ರಪ್ಪನವರು ಐವತ್ತೆಂಟನೇ ವಯಸ್ಸಿನವರೆಗೆ ಸಂಗೀತಕ್ಕೆ ಯಾವ ತೊಂದರೆಯನ್ನೂ ಕೊಟ್ಟವರಲ್ಲ. ಅಂಗಡಿ, ಅದರ ಹಿಂದೆ ಕಟ್ಟಿಸಿದ ಕಲ್ಯಾಣ ಮಂಟಪ, ಸೋಮವಾರ ಮಠಕ್ಕೊಂದು ಭೇಟಿ, ಇಷ್ಟರಲ್ಲೇ ಅವರ ಬದುಕು ಸುಖವಾಗಿ ಸಾಗುತ್ತಿತ್ತು. ಆದರೆ ಹೆಚ್ಚು ಮೂಟೆ ಮಾರಿದ ಡೀಲರುಗಳನ್ನು ಸಿಮೆಂಟ್ ಕಂಪನಿಯೊಂದು ಯುರೋಪಿಗೆ ಕರೆದುಕೊಂಡು ಹೋಯಿತು.

ವಿಯೆನ್ನಾದಲ್ಲಿ ಉಳಿದವರೆಲ್ಲ ಚಾಕೊಲೇಟ್ ಕೊಳ್ಳಲು ಹೋದರು. ಹೊಸ ಬೂಟು ಕಚ್ಚಿ ಕಾಲಲ್ಲಿ ಬೊಬ್ಬೆ ಎದ್ದಿದ್ದರಿಂದ ತಿಪ್ಪೇರುದ್ರಪ್ಪನವರು ಕುರ್ಚಿ ಕಂಡ ಕಡೆ ಕೂತರು. ಅದೊಂದು ಚರ್ಚು. ಅಲ್ಲಿ ಪ್ರವಾಸಿಗರಿಗೆಂದು ಸಂಜೆಯ ಕಚೇರಿ ಶುರುವಾಗುವುದರಲ್ಲಿತ್ತು. ಮುನ್ನೂರು ವರ್ಷ ಹಿಂದಿನ ಬರೋಕ್ ಸಂಗೀತ, ಅದರಲ್ಲೂ ಎಲ್ಲರಿಗೂ ಪ್ರಿಯವಾದ ತುಣುಕುಗಳು. ನುಡಿಸಿದ್ದು ಆ ಕಾಲದ ಮಾದರಿಯ ವಾದ್ಯಗಳಲ್ಲೇ. ಪಿಟೀಲಿನ ದನಿ ತುಸು ಒರಟು, ಆದರೆ ಮನೆಯವರೇ ಪಕ್ಕದಲ್ಲಿ ಕೂತು ಮಾತಾಡಿದಷ್ಟು ಹತ್ತಿರ. ಪಿಯಾನೋಗೆ ಅಜ್ಜಿಯಂತಿದ್ದ ಹಾರ್ಪ್ಸಿಕಾರ್ಡ್ ಹಿತ್ತಾಳೆ ತಟ್ಟೆಗೆ ಸಾಸಿವೆ ಸುರಿದಂತೆ ನುಡಿಯಿತು. ತಿಪ್ಪೇರುದ್ರಪ್ಪನವರಿಗೆ ಕಾಲುನೋವು ಮರೆತುಹೋಯಿತು, ಕಣ್ಣು ಒದ್ದೆಯಾಯಿತು. ಇದು ನಿಜ. ಅವರ ಬಗ್ಗೆ ಹೇಳಲು ಒಳ್ಳೆಯ ಮಾತು ಹೆಚ್ಚಿಲ್ಲ, ಇದನ್ನು ಮೊದಲೇ ಹೇಳಿಬಿಡುವುದು ವಾಸಿ.

ಊರಿಗೆ ಮರಳಿದ ಮೇಲೆ ಗಿರಾಕಿಗಳ ಗ್ರಹಚಾರ ಶುರುವಾಯಿತು.

"ಈಗಿನ ಪಿಟೀಲಿಗೆಲ್ಲ ಸ್ಟೀಲ್ ತಂತಿ ಹಾಕ್ತಾರ್ರಿ. ಕಿವೀಗೆ ಮೊಳೆ ಹೊಡೆದಂಗೆ ಇರ್ತೈತೆ. ಸ್ಟೀಲ್ ಬಂದಿದ್ದೇ ಬಂದಿದ್ದು, ಎಲ್ಲಾ ಕೆಟ್ಟೋತು!"

"ಅದಿರ್ಲಿ ಯಜಮಾನ್ರೆ, ಹನ್ನೆರಡು ಎಂಎಂ ಸ್ಟೀಲು ಇವತ್ತು ಏನ್ ರೇಟು ಹೇಳ್ರಿ" ಎಂದು ಗಿರಾಕಿ ಕೇಳಿದರೆ, ಇಂಥ ಊರಲ್ಲಿ ಹುಟ್ಟಿದ್ದು ತಮ್ಮ ಕರ್ಮ ಎಂಬಂತೆ ನಿಟ್ಟುಸಿರು ಬಿಡುತ್ತಿದ್ದರು.

ಕೇಳುವವರಿಲ್ಲದ ರಸಿಕತೆ ಎಷ್ಟು ದಿನ ತಡೆದೀತು? ಪುದುಚೇರಿಯಲ್ಲಿ ಹಳೆಯ ವಾದ್ಯ ನುಡಿಸುವ ಮೂವರಿದ್ದಾರೆಂದು ಪತ್ತೆ ಮಾಡಿ, ಏಪ್ರಿಲ್ ತಿಂಗಳಲ್ಲಿ ತಮ್ಮ ಮಂಟಪದಲ್ಲೇ ಕಚೇರಿ ಇಡಿಸಿದರು. ಸಮಾಜದ ಹಿರಿಯರಾದ ಮುರುಗೇಶಪ್ಪನವರು ಮುಖ್ಯ ಅತಿಥಿ. ಕಚೇರಿ ಮುಗಿದ ಮೇಲೆ ಅವರಿಗೆ ಸನ್ಮಾನ, ಎಲ್ಲರಿಗೂ ಹೋಳಿಗೆ ಊಟ. ಹಾಗಾಗಿ ಮಂಟಪ ತುಂಬಿತು.

ವಾದಕರು ವೇದಿಕೆಗೆ ಬಂದು ಶ್ರುತಿ ಮಾಡತೊಡಗಿದರು. ದುರ್ಗದ ಸೆಖೆ, ಮೇಲೆ ಮದುವೆ ಮನೆಯ ಲೈಟು. ತಂತಿ ಏರಿಸಿದಷ್ಟೂ ಇಳಿಯುತ್ತಿತ್ತು. ಪಿಟೀಲಿನಾಕೆ ಕಿವಿ ಕೊಟ್ಟು ತಿರುಪುತ್ತಲೇ ಇದ್ದರು. ಮುಂದಿನ ಸಾಲಿನಲ್ಲಿ ತಿಪ್ಪೇರುದ್ರಪ್ಪನವರು ಕಣ್ಣು ಮುಚ್ಚಿ, ತಲೆದೂಗಿ, "ಆಹಾ! ಏನು ಸೂಕ್ಷ್ಮ!" ಎಂದರು. ಸಭೆ ಚಪ್ಪಾಳೆ ತಟ್ಟಿತು.

"ಕ್ಷಮಿಸಿ, ನಾವಿನ್ನೂ ಶುರು ಮಾಡಿಲ್ಲ" ಎಂದರು ಪಿಟೀಲಿನಾಕೆ ಇಂಗ್ಲಿಷಿನಲ್ಲಿ.

ಹಿಂದಿನ ಸಾಲುಗಳು ನಕ್ಕವು. ಮಾನ ಉಳಿಸಿಕೊಳ್ಳಲು ತಿಪ್ಪೇರುದ್ರಪ್ಪನವರು ಮೈಕಿಗೆ ಧಾವಿಸಿದರು.

"ನಗಬ್ಯಾಡ್ರಿ! ಶ್ರುತಿ ಯಾಕೆ ನಿಲ್ತಿಲ್ಲ ಗೊತ್ತೈತಾ? ಇದು ಸ್ಟೀಲಲ್ಲ, ನೈಲಾನಲ್ಲ. ಹಳೇ ಕಾಲದ್ದೇ ಪದ್ಧತಿ, ಅಸಲಿ ಕುರಿ ಕರುಳು!"

ಮುರುಗೇಶಪ್ಪನವರು ಎದ್ದು ನಿಂತರು. "ಏನಪ್ಪ ರುದ್ರಪ್ಪ, ಲಿಂಗಪೂಜೆ ಆಗೋ ಜಾಗದಾಗೆ ಕುರಿ ಕರುಳಾ? ಮೊಟ್ಟೆ ತಿನ್ನೋರಿಗೂ ಮಂಟಪ ಕೊಡದ ಮನುಷ್ಯ ನೀನು!"

ಜನ್ಮದಲ್ಲಿ ಎಂದೂ ಹೊಳೆಯದ ಬುದ್ಧಿ ತಿಪ್ಪೇರುದ್ರಪ್ಪನವರಿಗೆ ಆ ಗಳಿಗೆಯಲ್ಲಿ ಹೊಳೆಯಿತು. "ಡೋಲು, ತಬಲ ಯಾತರದ್ದು ಅಂದ್ಕಂಡೀರಿ? ಚರ್ಮದ್ದಲ್ವಾ? ತೊಳೆದು, ಒಣಗಿಸಿ, ಹುರಿ ಮಾಡಿ, ನಾದ ಬಂದ ಮೇಲೆ ಅದು ಕುರಿ ಅಲ್ರಿ ಅಣ್ಣಾರೆ, ಕಲೆ!"

ಮುರುಗೇಶಪ್ಪನವರು ವಿಚಾರ ಮಾಡಿದರು. ಎದ್ದು ಹೋದರೆ ಸನ್ಮಾನ ತಪ್ಪುತ್ತದೆ. "ಹೌದು, ಕಲೆ ದೊಡ್ಡದು" ಎಂದು ಕೂತರು. ಅವರು ಕೂತ ಮೇಲೆ ಸಮಾಜವೂ ಕೂತಿತು.

ಆಮೇಲೆ ವಾದಕರು ನುಡಿಸಿದರು, ಚೆನ್ನಾಗಿಯೇ ನುಡಿಸಿದರು. ತುಂಟ ಮಕ್ಕಳು ಜಗಲಿಯಿಂದ ಜಗಲಿಗೆ ಹಾರಿದಂತಿದ್ದ ಒಂದು ಕುಣಿತದ ತುಣುಕಿಗೆ, ಹೋಳಿಗೆಯ ಧ್ಯಾನದಲ್ಲಿದ್ದವರು ಕೂಡ ಕಾಲು ಕುಣಿಸಿದರು.

ಮಾರನೇ ಬೆಳಿಗ್ಗೆ ಬೋರಣ್ಣ ಮೇಷ್ಟ್ರು ಮನೆಗೆ ಬಂದರು. ತುರುವನೂರಿನವರು, ಹೈಸ್ಕೂಲು ಮಾಸ್ತರು. ಮನೆ ಕಟ್ಟಿಸಿದಾಗ ಒಂದೊಂದು ಮೂಟೆಯನ್ನೂ ಇವರಲ್ಲೇ ಕೊಂಡವರು. ಕಚೇರಿಯಲ್ಲಿ ಮೂರನೇ ಸಾಲಿನಲ್ಲಿ ಕೂತು ಕೇಳಿದ್ದರು.

"ಮಗಳು ಬೃಂದಾಳ ಮದುವೆ ಗೊತ್ತಾತು ಸಾರ್. ಧಾರೆ ಊರಾಗೆ. ಬೀಗರೂಟಕ್ಕೆ ನಿಮ್ ಮಂಟಪ ಬೇಕಾಗಿತ್ತು."

"ಬೀಗರೂಟ ಅಂದ್ರೆ ಬಾಡೂಟ ಅಲ್ವೇನ್ರಿ ಮೇಷ್ಟ್ರೆ! ನಮ್ಮಲ್ಲಿ ಹೆಂಗಾಗ್ತೈತೆ?"

"ನಿನ್ನೆ ನೀವೇ ಹೇಳಿದ್ರಲ್ಲ. ನಾವೂ ತೊಳೀತೀವಿ, ಮಸಾಲೆ ಅರೀತೀವಿ, ಒಲೆ ಮುಂದೆ ಬೆವರು ಸುರಿಸ್ತೀವಿ. ನಮ್ ಕುರಿನೂ ಎಲೆಗೆ ಬರೋ ಹೊತ್ತಿಗೆ ಕಲೆನೇ."

"ಕೇಳೋದು ಬೇರೆ, ತಿನ್ನೋದು ಬೇರೆ ಕಣ್ರಿ!"

"ಹಂಗಾರೆ ಕರುಳು ನಿಮಗಿರ್ಲಿ, ಉಳಿದಿದ್ದು ನಮಗಿರ್ಲಿ. ಕುರಿಗೆ ಏನ್ ವ್ಯತ್ಯಾಸ ಬಿಡ್ರಿ."

ಕಾಫಿ ತಂದ ತಿಪ್ಪೇರುದ್ರಪ್ಪನವರ ಹೆಂಡತಿ ಅನ್ನಪೂರ್ಣಮ್ಮ ನಗು ತಡೆಯಲಾರದೆ ಲೋಟ ತುಳುಕಿಸಿದರು. "ಮೇಷ್ಟ್ರು ಕೇಳೋದ್ರಾಗೆ ತಪ್ಪೇನೈತೆ? ಒಂದಿನಕ್ಕೆ ಕೊಡ್ರಿ."

"ನಿಂಗೆ ಬರೋಕ್ ಸಂಗೀತ ಗೊತ್ತಾಗಲ್ಲ, ಸುಮ್ನಿರು" ಎಂದರು ಗಂಡ. ಬೋರಣ್ಣ ಕಾಫಿ ಮುಗಿಸಿ, ನಮಸ್ಕಾರ ಹೇಳಿ ಎದ್ದರು.

ಅದೇ ವಾರ ಮಂಟಪದ ಬಾಗಿಲಿಗೆ ಹೊಸ ಬೋರ್ಡು ಬಂತು: 'ಶುದ್ಧ ಸಸ್ಯಾಹಾರಿ ಸಮಾರಂಭಗಳಿಗೆ ಮಾತ್ರ. ವಾದ್ಯಗಳಿಗೆ ವಿನಾಯಿತಿ ಇದೆ.' ಊರಿಗೆ ಊರೇ ಫೋನಿನಲ್ಲಿ ಅದರ ಫೋಟೋ ತೆಗೆದುಕೊಂಡಿತು. ತಮ್ಮ ಕಲಾಭಿಮಾನಕ್ಕೆ ಜನ ಕೊಡುತ್ತಿರುವ ಗೌರವ ಎಂದು ತಿಪ್ಪೇರುದ್ರಪ್ಪನವರು ಪಕ್ಕದಲ್ಲಿ ನಿಂತು ಪೋಸೂ ಕೊಟ್ಟರು.

ಬೋರಣ್ಣ ಬೀಗರೂಟವನ್ನು ಹಿರಿಯೂರಿನಲ್ಲಿ ಇಟ್ಟುಕೊಂಡರು. ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ ಇವರನ್ನೂ ಕರೆದರು, ಇವರಿಗೆಂದೇ ಬೇರೆ ಅಡುಗೆ ಮಾಡಿಸಿದರು. ಅನ್ನಪೂರ್ಣಮ್ಮ ಮದುಮಗಳಿಗೆ ಸೀರೆ ಕೊಟ್ಟು, ಹೆಂಗಸರ ನಡುವೆ ಕೂತು ಬೋರ್ಡಿನ ಕಥೆ ಹೇಳಿ ನಗಿಸುತ್ತಿದ್ದರು. ತಿಪ್ಪೇರುದ್ರಪ್ಪನವರು ಮೂಗಿಗೆ ಕರವಸ್ತ್ರ ಹಿಡಿದು ಮೂಲೆಯಲ್ಲಿ ಪಾಯಸ ಉಂಡರು; ಉಂಡು, ನೆಟ್ಟಗೆ ಬ್ಯಾಂಡಿನವರ ಹತ್ತಿರ ಹೋದರು.

"ನಿನ್ ಕ್ಲಾರಿನೆಟ್ ತೀರಾ ಹೊಸದು ಕಣಪ್ಪ. ದನಿಯಾಗೆ ಜೀವ ಇಲ್ಲ."

"ಹೌದು ಸಾರ್, ಹೋದ ತಿಂಗಳು ತಂದಿದ್ದು. ನಮ್ಮಜ್ಜಂದು ಒಂದಿತ್ತು, ಸೀಳು ಬಿಟ್ಟೈತೆ. ಊದಿದ್ರೆ ಬರೀ ಗಾಳಿ ಬರ್ತೈತೆ."

ತಿಪ್ಪೇರುದ್ರಪ್ಪನವರ ಮುಖ ಅರಳಿತು. ಅವನ ಹೆಗಲ ಮೇಲೆ ಕೈ ಹಾಕಿ, ದನಿ ತಗ್ಗಿಸಿ ಕೇಳಿದರು: "ಎಲ್ಲೈತೆ ಅದು? ಹೋಗಾಣ ನಡಿ, ನಾನ್ ಕೇಳ್ಬೇಕು."