ಊಟದ ಹತ್ತಿರ ಯಾರಿದ್ದಾರೆ?

ಎಂಟು ವರ್ಷ ನಾನು ಒಂದೇ ಮರದ ಕೆಳಗೆ, ಒಂದೇ ನೀಲಿ ಚಾಪೆಯ ಮೇಲೆ ಕುಳಿತಿದ್ದೇನೆ. ಬೇಲಾಪುರ ದಾಟಿದ ಮೇಲೆ ರಸ್ತೆಗೆ ಅಂಟಿಕೊಂಡೇ ಒಂದು ಪುಟ್ಟ ಅರಣ್ಯ ಉದ್ಯಾನವಿದೆ. ಕೆಳಗೆ ನಾಲ್ಕು ಕಲ್ಲುಬೆಂಚು, ಒಂದು ನಲ್ಲಿ. ಹಿಂದೆ ಗುಡ್ಡ ಹತ್ತುವ ಕಾಲುದಾರಿ. ಡೊಂಬಿವಲಿಯ ನಮ್ಮ ಕಟ್ಟಡದ ಕನ್ನಡದವರೆಲ್ಲ ಪ್ರತಿ ಆಗಸ್ಟಿನಲ್ಲಿ ಒಂದು ಭಾನುವಾರ ಮಿನಿ ಬಸ್ಸು ಮಾಡಿಕೊಂಡು ಅಲ್ಲಿಗೆ ಪಿಕ್‌ನಿಕ್ಕಿಗೆ ಹೋಗುತ್ತೇವೆ. ಅವರು ಗುಡ್ಡ ಹತ್ತುತ್ತಾರೆ. ನಾನು ಊಟ ಕಾಯುತ್ತೇನೆ.

ಯಾರಾದರೂ ಕಾಯಲೇಬೇಕು, ನಿಜ. ಮಂಗಗಳ ಕಾಟಕ್ಕೆ ಮೇಲೆ ತಿಂಡಿ ಒಯ್ಯಲು ಬಿಡುವುದಿಲ್ಲ. ಬಸ್ಸಾದರೂ ಇದ್ದಿದ್ದರೆ ಅದರೊಳಗೆ ಇಡಬಹುದಿತ್ತು. ನಿಲ್ಲಿಸಲು ಜಾಗವಿಲ್ಲದೆ ಅದು ನಮ್ಮನ್ನು ಇಳಿಸಿ ಹೋಗಿಬಿಡುತ್ತದೆ. ಮೊದಲ ವರ್ಷ ಮಗಳಿಗೆ ಎಂಟು ತಿಂಗಳು, ಹಾಗಾಗಿ ಕುಳಿತೆ. ಮರುವರ್ಷ ಅವಳಿನ್ನೂ ತಪ್ಪುಹೆಜ್ಜೆ ಇಡುತ್ತಿದ್ದಳು, ಕುಳಿತೆ. ಆಮೇಲೆ, ಹಿಂದಿನ ವರ್ಷ ಕುಳಿತಿದ್ದೆ ಎಂಬ ಒಂದೇ ಕಾರಣಕ್ಕೆ ಕುಳಿತೆ.

"ನೀವಿದ್ರ ನಮಗ ಚಿಂತೀನ ಇಲ್ಲ ನೋಡ್ರಿ," ಎನ್ನುತ್ತಾರೆ ಮೇಲಿನ ಮಹಡಿಯ ಧಾರವಾಡದ ಅಕ್ಕ. ಹೇಗಿರುತ್ತದೆ? ಚಿಂತೆಯನ್ನೂ ಡಬ್ಬಿಗಳ ಜೊತೆ ನನ್ನ ಪಕ್ಕದಲ್ಲೇ ಇಟ್ಟು ಹೋಗಿರುತ್ತಾರಲ್ಲ.

ಗುಡ್ಡದ ತುದಿಯಲ್ಲಿ ನಿಂತರೆ ಖಾಡಿಯ, ಅಂದರೆ ಅಳಿವೆಯ, ನೀರು ಸಮುದ್ರದ ಕಡೆಗೆ ಅಗಲವಾಗುತ್ತ ಹೋಗುವುದು ಕಾಣುತ್ತದಂತೆ. ಪ್ರತಿ ವರ್ಷ ಮರಳುವಾಗ, ಮಹಾಪೆ ದಾಟಿ ಶೀಳಫಾಟಾದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಅದರದೇ ವರ್ಣನೆ ಕೇಳುತ್ತೇನೆ. ಉಡುಪಿಯ ಕಡಲ ಪಕ್ಕ ಹುಟ್ಟಿ ಬೆಳೆದವಳು ನಾನು. ಆ ನೀರು ನೋಡುವ ಆಸೆ ನನಗಿಲ್ಲವೇ?

ಈ ವರ್ಷ ಹದಿನೈದು ದಿನ ಮೊದಲೇ ವಾಟ್ಸಾಪ್ ಗ್ರೂಪಿನಲ್ಲಿ ಬರೆದೆ: ಈ ಸಲ ನಾನು ಹತ್ತುತ್ತೇನೆ, ಕಾಯಲು ಬೇರೆ ಯಾರಾದರೂ ಇರಿ. ಸಾಲಾಗಿ ಹೆಬ್ಬೆರಳುಗಳು ಬಂದವು. ಅದರ ಕೆಳಗೇ ಒಬ್ಬರು ಕೇಳಿದರು, "ಪತ್ರೊಡೆ ಮಾಡ್ತೀರಲ್ಲಾ?"

ಮಾಡಿದೆ. ಸ್ಟೇಷನ್ ಹತ್ತಿರದ ಮಾರ್ಕೆಟ್ಟಿನಿಂದ ಕೆಸುವಿನ ಎಲೆ ತಂದು, ನಾರು ತೆಗೆದು, ಅಕ್ಕಿ ಮಸಾಲೆ ಹಚ್ಚಿ, ಸುತ್ತಿ, ಬೇಯಿಸಿ, ಕೈ ತುರಿಸಿಕೊಳ್ಳುತ್ತ ಮಲಗಿದೆ. ತಪ್ಪು ನನ್ನದೂ ಇದೆ. ಪತ್ರೊಡೆ ತಂದವಳೇ ಪತ್ರೊಡೆ ಕಾಯಬೇಕು ಎಂಬುದು ನಮ್ಮ ಗುಂಪಿನಲ್ಲಿ ಯಾರೂ ಬರೆದಿಡದ ಕಾನೂನು. ಗೊತ್ತಿದ್ದೂ ಮಾಡಿದೆ, ನನ್ನ ಬುದ್ಧಿಗಿಷ್ಟು.

ಅಲ್ಲಿ ಇಳಿದಾಗ ಹನ್ನೊಂದು ಗಂಟೆ. ಈ ದಿನಕ್ಕೆಂದೇ ಕೊಂಡ ಬೂಟಿನ ಲೇಸು ಬಿಗಿಯುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ಎಲ್ಲರೂ ಹೊರಟಾಗಿತ್ತು, ಡಬ್ಬಿಗಳೆಲ್ಲ ನನ್ನ ಸುತ್ತ ಬಂದು ಕುಳಿತಿದ್ದವು.

"ಒಂದೇ ಒಂದ್ ಗಂಟೆ ಕಣೇ. ನಾವು ಬಂದ್ಮೇಲೆ ನೀನು ಆರಾಮಾಗಿ ಹೋಗ್ಬಾ," ಎಂದರು ಮೈಸೂರಿನವರಾದ ನನ್ನ ಗಂಡ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲೇ ಉತ್ತರಿಸುವ ಮಗಳು, "ಮಮ್ಮಿ, ತೂ ಬೈಠ್ ನಾ," ಎಂದು ಓಡಿದಳು. ಗೇಟಿನ ಗಾರ್ಡ್ ಬಂದು ನೆನಪಿಸಿದ: ಮೂರು ಗಂಟೆಯ ನಂತರ ಯಾರನ್ನೂ ಮೇಲೆ ಬಿಡುವುದಿಲ್ಲ.

ಹನ್ನೆರಡಾಯಿತು. ಒಂದಾಯಿತು. ಎರಡಾಯಿತು. ಫೋನ್ ಮಾಡಿದರೆ ಎತ್ತುವವರಿಲ್ಲ. ಕೋಲು ಹಿಡಿದು ಮಂಗಗಳನ್ನು ಗದರಿಸುತ್ತ ಕುಳಿತೆ, ಗದರಿಸಬೇಕಾಗಿದ್ದವರು ಮೇಲಿದ್ದರು. ಎರಡೂವರೆ ದಾಟಿದ ಮೇಲೆ ಗ್ರೂಪಿಗೆ ಒಂದು ಫೋಟೋ ಬಂತು. ತುದಿಯಿಂದ ಕೆಳಮುಖವಾಗಿ ತೆಗೆದದ್ದು. ಮರದ ನೆರಳಿನಿಂದ ಹೊರಗೆ ಚಾಚಿದ ನನ್ನ ಚಾಪೆ, ಒಂದು ನೀಲಿ ಚುಕ್ಕೆ. ಅದಕ್ಕೆ ಕೆಂಪು ಸುತ್ತು ಹಾಕಿ ಗಂಡ ಬರೆದಿದ್ದರು: "ನಮ್ಮ ವಾಚ್‌ಮನ್." ಕೆಳಗೆ ನಗುವ ಮುಖಗಳ ಸಾಲು.

ಮೈಯೆಲ್ಲ ಉರಿದುಹೋಯಿತು. ಕೋಲು ಬಿಸಾಕಿ ಎದ್ದೆ.

"ತೀನ್ ವಾಜಾಯ್ಲಾ ಆಲೇ, ಲವ್‌ಕರ್ ಜಾ," ಎಂದ ಗಾರ್ಡ್, ಮೂರಾಗುತ್ತ ಬಂತು, ಬೇಗ ಹೋಗಿ ಎಂದು. ಮತ್ತೆ ಚಾಪೆಯ ಕಡೆ ನೋಡಿ, "ಸಾಮಾನ್?" ಎಂದು ಕೇಳಿದ. ಇರಲಿ ಬಿಡಿ ಎಂದೆ.

ಅರ್ಧ ದಾರಿಯಲ್ಲಿ ಅವರೆಲ್ಲ ಎದುರಾದರು. ಧಾರವಾಡದ ಅಕ್ಕ ಮೊಣಕಾಲು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರು. ನನ್ನನ್ನು ನೋಡಿ ಗಂಡ ಬೆಚ್ಚಿಬಿದ್ದರು. ಅಂತೂ ಬಂದೆಯಲ್ಲ ಎಂದಾರು ಅಂದುಕೊಂಡೆ.

"ಊಟದ ಹತ್ರ ಯಾರಿದ್ದಾರೆ?"

"ಯಾರೂ ಇಲ್ಲ."

"ಅಯ್ಯ ಶಿವನ, ಪತ್ರೊಡಿ!" ಎಂದವರೇ ಅಕ್ಕ ಸೀರೆ ಎತ್ತಿ ಸಿಕ್ಕಿಸಿ ಓಡಿದರು. ಮೊಣಕಾಲು ನೆಟ್ಟಗಾಗಿಬಿಟ್ಟಿತ್ತು. ಅವರ ಹಿಂದೆ ಗಂಡ, ಉಳಿದವರು, ಮಕ್ಕಳು. ನನ್ನ ಮಗಳು ಒಂದು ಕ್ಷಣ ನಿಂತಳು. ಆಮೇಲೆ ಅವಳೂ ಅಪ್ಪನ ಹಿಂದೆ ಓಡಿದಳು. ಎಂಟು ವರ್ಷದಲ್ಲಿ ನಾನು ಕೆಳಗೆ ಒಬ್ಬಳೇ ಇದ್ದೇನೆಂದು ಒಬ್ಬರೂ ಹೀಗೆ ಓಡಿ ಬಂದಿರಲಿಲ್ಲ.

ನಾನು ಹತ್ತಿದೆ. ಖಾಡಿ ಕಂಡಿತು. ಬೂದು ನೀರು, ಕೆಸರು, ಆಚೆ ಬಿಳಿ ಬೆಳಕು. ಅವರು ವರ್ಣಿಸಿದ್ದಕ್ಕಿಂತ ಚೆನ್ನಾಗಿತ್ತು, ಅದಕ್ಕೆ ಸಿಟ್ಟು ಇನ್ನೂ ಹೆಚ್ಚಾಯಿತು. ಕಣ್ತುಂಬ ನೋಡಿದ ಮೇಲೆ ಕೆಳಗೆ ನೋಡಿದೆ. ನೀಲಿ ಚುಕ್ಕೆಯ ಸುತ್ತ ಎಲ್ಲರೂ ಕೈ ಬೀಸುತ್ತ ಕುಣಿಯುತ್ತಿದ್ದರು. ಮರದ ಮೇಲೆ ಮಂಗಗಳು ಡಬ್ಬಿ ಹಿಡಿದು ಕುಳಿತಿದ್ದಿರಬೇಕು.

ಒಂದು ಫೋಟೋ ತೆಗೆದೆ. ಕೆಂಪು ಸುತ್ತು ಹಾಕಿ ಗ್ರೂಪಿಗೆ ಕಳಿಸಿದೆ. ಏನೂ ಬರೆಯಲಿಲ್ಲ. ಈವರೆಗೆ ಅದಕ್ಕೆ ಒಂದು ಹೆಬ್ಬೆರಳೂ ಬಂದಿಲ್ಲ.