ಕಬ್ಬಾಳಮ್ಮನಿಗೆ ಹೊತ್ತ ಬೆಳ್ಳಿ ಕಪ್

ಕೋಡಿಹಳ್ಳಿಯ ನಾಗಲಕ್ಷ್ಮಮ್ಮ ವರ್ಷಾ ವರ್ಷ ಕಬ್ಬಾಳಿನ ದೇವಿ ಕಬ್ಬಾಳಮ್ಮನಿಗೆ ತಂಬಿಟ್ಟು ಒಯ್ಯುವ ಬೆಳ್ಳಿ ಕಪ್ಪಿಗೆ ವಿಭೂತಿ ಹಚ್ಚಿ ಉಜ್ಜುತ್ತಿದ್ದಳು. ಮೊಮ್ಮಗಳು ನವ್ಯಶ್ರೀ ಅದರ ತಳದಲ್ಲಿ ಸಣ್ಣಗೆ ಕೊರೆದಿದ್ದ ಇಂಗ್ಲಿಷ್ ಓದಿಬಿಟ್ಟಳು: “ವಿಮಾನದ ರೇಸು, ಮೊದಲ್ನೇ ಬಹುಮಾನ, ಸಾವಿರದೊಂಬೈನೂರ ಎಪ್ಪತ್ತೊಂಬತ್ತು. ತಾತನ ಹೆಸ್ರೂ ಐತಲ್ಲಜ್ಜಿ!”

ಎಪ್ಪತ್ತೊಂಬತ್ತು! ಗಂಡ ಅಂಕಯ್ಯ ಎಪ್ಪತ್ತೊಂದರ ಯುದ್ಧದಲ್ಲಿ ಫೈಟರ್ ವಿಮಾನ ಹಾರಿಸಿದವನು. ಜೊತೆಗೆ ಹೋದ ಇಬ್ಬರು ವಾಪಸು ಬರಲಿಲ್ಲವೆಂಬ ಸುದ್ದಿ ಕೇಳಿದ ದಿನ, ಮದುವೆಯಾಗಿ ಎಂಟೇ ತಿಂಗಳಾಗಿದ್ದ ನಾಗಲಕ್ಷ್ಮಮ್ಮ ಯಾರನ್ನೂ ಕೇಳದೆ ಹರಕೆ ಹೊತ್ತುಬಿಟ್ಟಳು. ಗಂಡ ಬದುಕಿ ಬಂದರೆ, ಮಿಲಿಟರಿ ಬಿಟ್ಟ ಮೇಲೆ ಅವನ ಕಾಲು ಮತ್ತೆ ನೆಲ ಬಿಡುವುದಿಲ್ಲ. ಬದುಕಿ ಬಂದ ಅಂಕಯ್ಯ ಎಪ್ಪತ್ತಾರರಲ್ಲಿ ಕೆಲಸ ಬಿಟ್ಟು, ಕಬ್ಬಾಳಮ್ಮನೆದುರು ಕರ್ಪೂರ ಮುಟ್ಟಿ ಇನ್ನು ಹಾರುವುದಿಲ್ಲವೆಂದು ಆಣೆ ಮಾಡಿದ. ಆಮೇಲೆ ಬೆಂಗಳೂರಿನ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಎಂಜಿನ್ ನೋಡಿಕೊಳ್ಳುವ ಕೆಲಸವೆಂದ. ಕಪ್ ತಂದಾಗ ಕ್ಲಬ್ಬಿನವರ ಉಡುಗೊರೆ ಎಂದ. ಇಂಗ್ಲಿಷ್ ಓದಲು ಬಾರದ ಅವಳು ನಂಬಿದಳು.

ನಂಬಿ, ನಲವತ್ತೈದು ವರ್ಷ ಅದರಲ್ಲೇ ತಂಬಿಟ್ಟು ಹೊತ್ತಳು. ಆಣೆ ಮುರಿದ ಸಾಕ್ಷಿಯನ್ನೇ ತಲೆಯ ಮೇಲಿಟ್ಟುಕೊಂಡು ಹೋಗಿ ತಾಯಿಯ ಮುಂದೆ ಇಳಿಸಿದ್ದಳಲ್ಲ! ದಡ್ಡತನಕ್ಕೂ ಒಂದು ಮಿತಿ ಬೇಡವೆ?

ಅಂಕಯ್ಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ. ಅವಳು ಕಪ್ ಅವನ ಮುಂದೆ ಹಿಡಿದಳು.

“ಎಷ್ಟು ಸಲ ಹಾರುದ್ರಿ?”

ಅವನು ಕಪ್ ನೋಡಿದ. ಈ ಸಲ ಸುಳ್ಳು ಹೇಳಲಿಲ್ಲ. “ಏಳು ವರ್ಸ. ಏಳು ರೇಸು.”

“ಕರ್ಪೂರ ಮುಟ್ಟಿದ್ರಲ್ಲಾ! ಯಾಕ್ರೀ?”

“ಯುದ್ಧದಾಗೆ ಹಿಂದೆ ಬರೋನು ಸಾಯ್ಸಕ್ಕೆ ಬತ್ತಿದ್ದ ಕಣಮ್ಮಿ. ರೇಸ್ನಾಗೆ ಹಿಂದೆ ಬರೋನು ಗೆಲ್ಲಕ್ಕೆ ಬತ್ತಿದ್ದ. ಇಳಿದ್ಮೇಲೆ ಇಬ್ರೂ ಕೂತ್ಕಂಡು ಟೀ ಕುಡೀತಿದ್ವಿ. ಅದು ಬೇಕಿತ್ತು ನಂಗೆ.”

ನಾಗಲಕ್ಷ್ಮಮ್ಮ ಕಪ್ಪನ್ನು ಜಗಲಿಯ ಮೇಲಿಟ್ಟಳು. ತಾನು ನಿಶ್ಚಿಂತೆಯಿಂದ ಮುದ್ದೆ ತಿರುವುತ್ತಿದ್ದಾಗ ಈ ಮನುಷ್ಯ ಆಕಾಶದಲ್ಲಿದ್ದ. ಬಿದ್ದಿದ್ದರೆ? ತಾಯಿ ಈಗ ಮುನಿದರೆ ಎಂಬ ಭಯ ಅದಕ್ಕಿಂತ ದೊಡ್ಡದು.

“ಇವತ್ತು ತಂಬಿಟ್ಟು ನೀವೇ ಹೊರಿ. ಇದ್ರಲ್ಲಿ ಬರ್ದಿರೋದ್ನ ತಾಯಿ ಮುಂದೆ ಓದಿ. ಏನ್ ಮಾಡ್ತಾಳೋ ಮಾಡ್ಲಿ.”

ಕಬ್ಬಾಳಿನ ಗುಡಿಯಲ್ಲಿ ಅಂಕಯ್ಯ ಕಪ್ ಹಿಡಿದು ನಿಂತ. ಓದಲೆಂದು ಅದನ್ನು ಮೇಲೆತ್ತಿ, ಓದದೆ ಇಳಿಸಿದ. ಹಿಂದೆ ಸಾಲು ಬೆಳೆಯಿತು. ಪೂಜಾರಿ ಬೇಗ ಬೇಗ ಎಂದ.

ನಾಗಲಕ್ಷ್ಮಮ್ಮ ಕಪ್ಪಿಗೆ ತನ್ನ ಕೈಯನ್ನೂ ಕೊಟ್ಟಳು. “ತಾಯಿ, ಇವ್ರು ಏಳು ವರ್ಸ ಸುಳ್ಳೇಳಿ ಹಾರವ್ರೆ,” ಎಂದಳು. “ಆದ್ರೂ ಏಳು ಸಲಾನೂ ನೀನು ಕೆಳಕ್ಕಿಳಿಸಿ ಕೊಟ್ಟಿದ್ದೀಯ. ನಂಗೆ ಇವತ್ತೇ ಗೊತ್ತಾಗಿದ್ದು.”